ರಶೀದಿಯ ಕೊನೆಯ ಸಾಲು

ನಾನು ಬರಹಗಾರನಲ್ಲ, ಗ್ಯಾರೇಜಿನವನು. ನನ್ನ ಉಗುರಿನ ಸಂದಿಯೊಳಗಿನ ಕಪ್ಪು ಸೀಮೆಎಣ್ಣೆ ಹಾಕಿ ತಿಕ್ಕಿದರೂ ಹೋಗುವುದಿಲ್ಲ. ಆ ಕೈಯಿಂದಲೇ ಇದನ್ನು ಬರೆಯುತ್ತಿದ್ದೇನೆ. ನಮ್ಮ ಕಡೆಯ ಮಾಸ್ತರರೊಬ್ಬರು ಗಾಡಿ ರಿಪೇರಿಗೆ ಬಂದಾಗ ಈ ಕತಿ ಕೇಳಿದರು. "ಇದನ್ನ ನೀನೇ ಬರಿ ತಮ್ಮಾ. ಬ್ಯಾರೆಯವರು ಬರದ್ರ ನಿನ್ನ ಕೈಯಾಗಿನ ಗ್ರೀಸು ಅದರಾಗ ಇರಂಗಿಲ್ಲ" ಅಂದರು. ಆ ಮಾತಿಗೆ ಬರೆಯಲು ಕೂತೆ. ತಪ್ಪಿದ್ದರೆ ತಿದ್ದಿಕೊಳ್ಳಿ ಗೆಳೆಯರೇ, ನಕ್ಕುಬಿಡಬೇಡಿ.

ನಮ್ಮೂರು ಔರಾದ ತಾಲೂಕಿನ ಚಿಂತಾಕಿ. ಕರ್ನಾಟಕದ ನಕಾಶೆಯಲ್ಲಿ ಬೀದರ ಜಿಲ್ಲೆ ನೆತ್ತಿಯ ಮೇಲಿದ್ದರೆ, ಆ ಜಿಲ್ಲೆಯ ನೆತ್ತಿಯ ಮೇಲೆ ಔರಾದ. ಒಂದು ಕಡೆ ಮಹಾರಾಷ್ಟ್ರ, ಇನ್ನೊಂದು ಕಡೆ ತೆಲಂಗಾಣ. ನನ್ನ ಗ್ಯಾರೇಜಿಗೆ ಬೀದರಿನ ಕೆಎ 38, ಭಾಲ್ಕಿಯ ಕೆಎ 39, ನಾಂದೇಡದ ಎಂಎಚ್ 26, ಲಾತೂರಿನ ಎಂಎಚ್ 24, ಸಂಗಾರೆಡ್ಡಿಯ ಟಿಎಸ್ 15 ಎಲ್ಲ ನಂಬರಿನ ಗಾಡಿಗಳೂ ಬರುತ್ತವೆ. ಬೈಗುಳವನ್ನೂ ನಾಕು ಭಾಷೆಯಲ್ಲಿ ಕೇಳಿದ್ದೇನೆ, ಕನ್ನಡ, ಮರಾಠಿ, ತೆಲುಗು, ಉರ್ದು. ನಮ್ಮ ಅಜ್ಜನ ಕಾಲಕ್ಕೆ ಇಲ್ಲಿ ನಿಜಾಮನ ಆಳ್ವಿಕೆ. 1948ರ ಸೆಪ್ಟೆಂಬರಿನಲ್ಲಿ ಅದು ಹೋಯಿತು. 1956ರ ನವೆಂಬರ್ 1ಕ್ಕೆ ನಾವು ಮೈಸೂರು ರಾಜ್ಯಕ್ಕೆ ಸೇರಿದೆವು. 2019ರಲ್ಲಿ ಹೈದರಾಬಾದ್ ಕರ್ನಾಟಕಕ್ಕೆ ಕಲ್ಯಾಣ ಕರ್ನಾಟಕ ಅಂತ ಹೆಸರಿಟ್ಟರು. ಹೆಸರು ಬದಲಾದವು, ಬೋರ್ಡು ಬದಲಾದವು. ವಾಡೆಯ ಕಟ್ಟೆ ಮಾತ್ರ ಇದ್ದಲ್ಲೇ ಇತ್ತು, ಅದರ ಮುಂದೆ ಕೆರ ಕಳಚುವ ಜಾಗವೂ ಇದ್ದಲ್ಲೇ ಇತ್ತು.

ನಮ್ಮಜ್ಜ ತೊಗಲಿನ ಕೆಲಸದವನು. ಮಿಣಿ, ಬಾರುಕೋಲು, ಕೆರ, ಬಾವಿಯಿಂದ ನೀರೆತ್ತುವ ತೊಗಲಿನ ಚೀಲ ಎಲ್ಲ ಅವನ ಕೈಯಲ್ಲೇ ಆಗಬೇಕು. ಕಂಬಾರನ ಕುಲುಮೆಗೆ ತಿದಿ ಹೊಲಿದು ಕೊಡುವವನೂ ಅವನೇ. ತಿದಿಯೆಂದರೆ ಕುಲುಮೆಯ ಜೀವ. ಅದು ಒತ್ತಿ ಗಾಳಿ ಊದಿದರೆ ಇದ್ದಲಿ ಕೆಂಪಾಗುತ್ತದೆ, ಕಬ್ಬಿಣ ಮೆತ್ತಗಾಗುತ್ತದೆ, ನೇಗಿಲ ಕುಳ ಚೂಪಾಗುತ್ತದೆ. ಊರಿನ ಬಿತ್ತನೆಯೆಲ್ಲ ಅಜ್ಜ ಹೊಲಿದ ಆ ಚೀಲದ ಉಸಿರಿನ ಮೇಲೆ ನಿಂತಿತ್ತು. ಆದರೆ ತಿದಿ ಹರಿದಾಗ ಅಜ್ಜ ಕುಲುಮೆಯ ಚಪ್ಪರದೊಳಗೆ ಕಾಲಿಡುವಂತಿರಲಿಲ್ಲ. ತಿದಿಯನ್ನು ಹೊರಗೆ ಎಸೆಯುತ್ತಿದ್ದರು, ಬಿಸಿಲಿನಲ್ಲಿ ಕೂತು ಅವನು ಹೊಲಿಯುತ್ತಿದ್ದ. ಸುಗ್ಗಿಯಲ್ಲಿ ಕಣದ ಅಂಚಿಗೆ ನಿಂತರೆ ಮೊರದಿಂದ ಒಂದಿಷ್ಟು ಜೋಳ ಸುರಿಯುತ್ತಿದ್ದರು. ಎಷ್ಟು ಹೊಲಿದೆ, ಎಷ್ಟು ಸುರಿದರು ಅಂತ ಲೆಕ್ಕ ಎಲ್ಲಿಯೂ ಇಲ್ಲ.

ಇದೇ ಜಿಲ್ಲೆಯ ಕಲ್ಯಾಣದಲ್ಲಿ ಹನ್ನೆರಡನೆಯ ಶತಮಾನದಲ್ಲಿ ಹರಳಯ್ಯನೆಂಬ ಸಮಗಾರ ಶರಣನಿದ್ದ. ತನ್ನ ತೊಡೆಯ ತೊಗಲಿನಿಂದ ಬಸವಣ್ಣನಿಗೆ ಪಾದರಕ್ಷೆ ಹೊಲಿದನೆಂದು ಹೇಳುವ ಕತೆಯನ್ನು ನಮ್ಮ ಕೇರಿಯ ಮಕ್ಕಳೂ ಬಲ್ಲರು. ಆ ಕತೆ ಕೇಳಿದಾಗೆಲ್ಲ ನನಗೆ ಒಂದೇ ಪ್ರಶ್ನೆ: ಕಾಯಕ ಕಾಯಕ ಅಂತ ಹಾಡುತ್ತಾರಲ್ಲ, ಕಾಯಕ ಮಾಡಿದ ಕೈಗೆ ಕೂಲಿ ಕೊಡುವ ಮಾತು ಯಾಕೆ ಯಾರೂ ಹಾಡುವುದಿಲ್ಲ?

ನಮ್ಮಪ್ಪ ತೊಗಲಿನ ಕೆಲಸ ಕಲಿಯಲಿಲ್ಲ. ಅಜ್ಜ ಸತ್ತಾಗ ಮಣ್ಣು ಮಾಡುವ ಖರ್ಚಿಗೆ, ಹಳೆ ಸಾಲಕ್ಕೆ ಎಲ್ಲ ಸೇರಿ ಆರು ನೂರು ರೂಪಾಯಿ ಬೇಕಾಯಿತು. ಎರಡು ಹರದಾರಿ ದೂರದ ಒಂದು ಊರಿನ ಸಾವ್ಕಾರರ ಮನೆಗೆ 1977ರ ಯುಗಾದಿಗೆ ಜೀತಕ್ಕೆ ಹೋದ. ಆ ಊರಿನ ಹೆಸರು ಬರೆಯುವುದಿಲ್ಲ. ಹೆಸರಿನಿಂದ ಏನಾಗಬೇಕು, ಎಲ್ಲ ಊರಿನಲ್ಲೂ ಅಂಥ ಒಂದು ವಾಡೆ ಇತ್ತು. ಜೀತ ಪದ್ಧತಿ ರದ್ದು ಮಾಡುವ ಕಾಯ್ದೆ ದೆಹಲಿಯಲ್ಲಿ ಬಂದದ್ದು 1976ರಲ್ಲಿ. ಅಂದರೆ ಕಾಯ್ದೆ ಬಂದ ಮರುವರ್ಷ ನಮ್ಮಪ್ಪ ಹೆಬ್ಬೆಟ್ಟು ಒತ್ತಿದ. ಬಿಡುಗಡೆಯಾದದ್ದು 1994ರಲ್ಲಿ. ಹದಿನೇಳು ವರ್ಷ. ಆರು ನೂರು ರೂಪಾಯಿ ಹ್ಯಾಂಗ ಬೆಳೆಯಿತು, ಹ್ಯಾಂಗ ತೀರಿತು ಅವನಿಗೆ ಇವತ್ತಿಗೂ ಗೊತ್ತಿಲ್ಲ. ಆ ವಾಡೆಯ ದನದ ಕೊಟ್ಟಿಗೆಯ ಗೂಡಿನಲ್ಲಿ ಕಿವಿ ಮುರಿದ ಒಂದು ಕಪ್ಪು ಇರುತ್ತಿತ್ತು. ಅದು ಅಪ್ಪನ ಚಹದ ಕಪ್ಪು. ಅವನೇ ತೊಳೆದು ಅವನೇ ಇಡಬೇಕು. ನಾನು ಸಣ್ಣವನಿದ್ದಾಗ ಅದನ್ನು ಕಣ್ಣಾರೆ ಕಂಡಿದ್ದೇನೆ.

ಬೀದರಿನಲ್ಲಿ ವಾಯುಸೇನೆಯ ನೆಲೆ ಇದೆ. 1996ರಲ್ಲಿ ಅಲ್ಲಿ ಸೂರ್ಯಕಿರಣ ಅಂತ ವಿಮಾನಗಳ ತಂಡ ಕಟ್ಟಿದರು. ನಾನಾಗ ಹತ್ತು ವರ್ಷದ ಹುಡುಗ. ತೊಗರಿ ಹೊಲದಲ್ಲಿ ಅವ್ವನ ಜೊತೆ ಕಳೆ ಕೀಳುವಾಗ ಮ್ಯಾಲೆ ಜೆಟ್ ವಿಮಾನ ಹೋದರೆ ಕುರ್ಪಿ ಬಿಟ್ಟು ನಿಂತುಬಿಡುತ್ತಿದ್ದೆ. "ಅವ್ವಾ, ಅದರ ಹೊಟ್ಟ್ಯಾಗ ಏನದ?" ಅಂತ ಕೇಳಿದರೆ, "ಬೆಂಕಿ ಅದ ಮಗಾ, ಗಾಳಿ ಅದ. ನೀ ಕಳಿ ಕೀಳು" ಅನ್ನುತ್ತಿದ್ದಳು. ಓದು ಬಾರದ ನಮ್ಮವ್ವ ಹೇಳಿದ್ದು ಖರೇ ಅಂತ ತಿಳಿಯಲು ನನಗೆ ಇಪ್ಪತ್ತು ವರ್ಷ ಬೇಕಾಯಿತು.

2002ರಲ್ಲಿ ಹತ್ತನೇ ಇಯತ್ತೆ ನಪಾಸಾಗಿ ಹೈದರಾಬಾದಿಗೆ ಹೋದೆ. ನಮ್ಮ ಕಡೆಯವರಿಗೆ ಬೆಂಗಳೂರು ದೂರ, ಹೈದರಾಬಾದ್ ಹತ್ತಿರ. ಒಬ್ಬ ಉಸ್ತಾದರ ಗ್ಯಾರೇಜಿನಲ್ಲಿ ಮೊದಲು ಪಾನಾ ತೊಳೆದೆ, ಚಹ ತಂದೆ, ಆಮೇಲೆ ಟಾಯರು ಬಿಚ್ಚಿದೆ. ಮೂರನೇ ವರ್ಷಕ್ಕೆ ಇಂಜಿನ್ ಮುಟ್ಟಗೊಟ್ಟರು. ಉಸ್ತಾದರು ಬೈಯುತ್ತಿದ್ದರು, ಹೊಡೆದದ್ದೂ ಉಂಟು. ಆದರೆ ಮಡಕೆಯ ನೀರಿಗೆ ಒಂದೇ ಮಗ್ಗ, ಎಲ್ಲರೂ ಅದರಲ್ಲೇ ಕುಡಿಯುತ್ತಿದ್ದೆವು. ಮೊದಲ ದಿನ ಆ ಮಗ್ಗ ಹಿಡಿದು ಯಾರಾದರೂ ಬೈಯುತ್ತಾರೇನೋ ಅಂತ ಅತ್ತಿತ್ತ ನೋಡಿದ್ದು ನೆನಪಿದೆ. "ಕಾನ್ ಸೇ ದೇಖ್ ಬೇಟಾ" ಅನ್ನುತ್ತಿದ್ದರು ಉಸ್ತಾದರು. ಕಿವಿಯಿಂದ ನೋಡು ಅಂತ. ಇಂಜಿನ್ನಿನ ಬೇನೆ ಕಣ್ಣಿಗಿಂತ ಮೊದಲು ಕಿವಿಗೆ ಕಾಣುತ್ತದೆ.

ಅಲ್ಲೇ ನಾನು ಟರ್ಬೊ ಕಲಿತದ್ದು. ಮೊದಲು ಲಾರಿ, ಜೀಪಿನ ಡೀಸೆಲ್ ಟರ್ಬೊ, ಆಮೇಲೆ ಪೆಟ್ರೋಲ್ ಟರ್ಬೊ. ಓದುವ ನಿಮಗೆ ತಿಳಿಯುವಂತೆ ಹೇಳುತ್ತೇನೆ. ಇಂಜಿನ್ ಅನ್ನುವುದು ಒಂದು ಕುಲುಮೆ. ಇಂಧನ ಎಷ್ಟು ಹಾಕಿದರೂ ಗಾಳಿ ಸಾಲದಿದ್ದರೆ ಅದು ಉರಿಯುವುದಿಲ್ಲ. ಸಾದಾ ಇಂಜಿನ್ ತನ್ನ ಉಸಿರನ್ನು ತಾನೇ ಎಳೆದುಕೊಳ್ಳುತ್ತದೆ. ಟರ್ಬೊ ಅಂದರೆ ಆ ಕುಲುಮೆಗೆ ಕಟ್ಟಿದ ತಿದಿ. ಸೈಲೆನ್ಸರಿನ ಕಡೆ ಓಡುವ ಸುಡುಹೊಗೆಯ ದಾರಿಗೆ ಒಂದು ಸಣ್ಣ ಚಕ್ರ ಅಡ್ಡ ಇಟ್ಟಿರುತ್ತಾರೆ. ಹೊಗೆಯ ಹೊಡೆತಕ್ಕೆ ಅದು ತಿರುಗುತ್ತದೆ. ಅದೇ ಕಡ್ಡಿಯ ಇನ್ನೊಂದು ತುದಿಗೆ ಮತ್ತೊಂದು ಚಕ್ರ. ಅದು ಹೊರಗಿನ ಗಾಳಿಯನ್ನು ಒತ್ತಿ ಇಂಜಿನ್ನಿನೊಳಗೆ ತಳ್ಳುತ್ತದೆ. ಅಂಗೈಯಲ್ಲಿ ಹಿಡಿಸುವ ಈ ಚಕ್ರಗಳು ನಿಮಿಷಕ್ಕೆ ಒಂದು ಲಕ್ಷಕ್ಕೂ ಹೆಚ್ಚು ಸುತ್ತು ತಿರುಗುತ್ತವೆ. ಸ್ವಿಟ್ಜರ್ಲೆಂಡಿನ ಆಲ್ಫ್ರೆಡ್ ಬ್ಯೂಖಿ ಅನ್ನುವ ಇಂಜಿನಿಯರ್ 1905ರಲ್ಲಿ ಇದಕ್ಕೆ ಪೇಟೆಂಟ್ ತೆಗೆದ. 1962ರಲ್ಲಿ ಅಮೆರಿಕದ ಕಾರುಗಳಿಗೆ ಬಂತು. 1973ರಲ್ಲಿ ಬಿಎಂಡಬ್ಲ್ಯೂ 2002 ಟರ್ಬೊ, 1970ರ ದಶಕದ ನಡುವಿಗೆ ಪೋರ್ಶೆ 911 ಟರ್ಬೊ, ಆಮೇಲೆ ಸಾಬ್ 99 ಟರ್ಬೊ, ಹೀಗೆ ಓಟದ ಕಾರುಗಳ ಮನೆತನವೇ ಬೆಳೆಯಿತು. ಜೆಟ್ ವಿಮಾನದ ಹೊಟ್ಟೆಯಲ್ಲಿರುವುದೂ ಇದೇ ತತ್ವ: ಒಂದೇ ಕಡ್ಡಿಗೆ ಎರಡು ಚಕ್ರ, ನಡುವೆ ಬೆಂಕಿ. ನಮ್ಮವ್ವ ಹೇಳಿದ ಗಾಳಿ ಮತ್ತು ಬೆಂಕಿ!

ಉಪಯೋಗವಿಲ್ಲ ಅಂತ ಹೊರಗೆ ಬಿಟ್ಟ ಹೊಗೆಯೇ ತಿರುಗಿ ಬಂದು ಇಂಜಿನ್ನಿಗೆ ಬಲ ಕೊಡುತ್ತದೆ. ಮೊದಲ ಸಲ ಇದು ತಿಳಿದ ದಿನ ನನಗೆ ನಮ್ಮ ಕೇರಿ ನೆನಪಾಗಿತ್ತು.

2014ರಲ್ಲಿ ಅಪ್ಪನಿಗೆ ಆರೋಗ್ಯ ತಪ್ಪಿ ಊರಿಗೆ ಬಂದೆ. ಔರಾದ ರಸ್ತೆಯ ಮೇಲೆ ತಗಡಿನ ಶೆಡ್ಡು ಹಾಕಿದೆ. ಟ್ರ್ಯಾಕ್ಟರು, ಟಂಟಂ, ಜೀಪು, ಮೋಟರ್ ಸೈಕಲ್ಲು, ಬಂದದ್ದೆಲ್ಲ ಮಾಡುತ್ತಿದ್ದೆ. ಗೋಡೆಗೆ ಬಾಬಾಸಾಹೇಬರ ಫೋಟೊ ಹಾಕಿದ ಮೇಲೆ ಕೆಲವರು ಬರುವುದು ಬಿಟ್ಟರು. ಫೋಟೊ ನಾನು ತೆಗೆಯಲಿಲ್ಲ. ಬಿತ್ತನೆ ಹೊತ್ತಿಗೆ ಟ್ರ್ಯಾಕ್ಟರು ಕೆಟ್ಟಾಗ ಅವರೂ ತಿರುಗಿ ಬಂದರು.

2019ರ ಮಳೆಗಾಲ. ಆ ವಾಡೆಯಿಂದ ಫೋನು ಬಂತು. ನಮ್ಮಪ್ಪ ಜೀತಕ್ಕಿದ್ದ ವಾಡೆ. ಸಾವ್ಕಾರರ ಸಣ್ಣ ಮಗ ಹೈದರಾಬಾದಿನಿಂದ ಸೆಕೆಂಡ್ ಹ್ಯಾಂಡ್ ಕಾರು ತಂದಿದ್ದ. 2005ರ ಸ್ಕೋಡಾ ಆಕ್ಟೇವಿಯಾ ಆರ್‌ಎಸ್. ನಮ್ಮ ದೇಶದಲ್ಲಿ 2004ರಲ್ಲಿ ಮಾರಾಟಕ್ಕೆ ಬಂದ ಗಾಡಿ ಅದು. 1.8 ಲೀಟರಿನ ಪೆಟ್ರೋಲ್ ಇಂಜಿನ್, ಒಂದೊಂದು ಸಿಲಿಂಡರಿಗೆ ಐದೈದು ವಾಲ್ವು, ಮ್ಯಾಲೆ ಟರ್ಬೊ, ನೂರೈವತ್ತು ಕುದುರೆಯ ಬಲ. ಆ ಕಾಲಕ್ಕೆ ನಮ್ಮ ರಸ್ತೆಗಳಲ್ಲಿ ಅಂಥ ಗಾಡಿ ಕಡಿಮೆ. ಹೈದರಾಬಾದಿನಲ್ಲಿ ನಾನು ಅಂಥವನ್ನು ಬಿಚ್ಚಿದ್ದೆ. ಆ ಇಂಜಿನ್ ಬಗ್ಗೆ ನನಗೆ ಗೌರವ. ಹೊತ್ತಿಗೆ ಸರಿಯಾಗಿ ಒಳ್ಳೆ ಎಣ್ಣೆ ಕೊಟ್ಟರೆ ಅದು ವರ್ಷಗಟ್ಟಲೆ ದುಡಿಯುತ್ತದೆ.

ನೋಡಲು ಹೋದೆ. ಕಟ್ಟೆಯ ಮೇಲೆ ಅವರು ಪಿಂಗಾಣಿ ಕಪ್ಪು-ಬಸಿಯಲ್ಲಿ ಚಹ ಕುಡಿಯುತ್ತಿದ್ದರು. ನನಗೂ ಚಹ ಬಂತು, ಕಾಗದದ ಕಪ್ಪಿನಲ್ಲಿ. ಅಲ್ಲಿದ್ದವರಲ್ಲಿ ನನಗೊಬ್ಬನಿಗೆ ಕಾಗದದ್ದು. ಈಗ ಗೂಡಿನ ಕಪ್ಪಿಲ್ಲ, ತೊಳೆದಿಡುವ ತ್ರಾಸೂ ಇಲ್ಲ. ಕುಡಿ, ಎಸೆ. ಅಸ್ಪೃಶ್ಯತೆ 1950ರಲ್ಲೇ ಸಂವಿಧಾನದ 17ನೆಯ ಕಲಮಿನಿಂದ ಹೋಯಿತು ಅನ್ನುವವರು ಈ ಕಾಗದದ ಕಪ್ಪನ್ನು ಒಮ್ಮೆ ಕೈಯಲ್ಲಿ ಹಿಡಿದು ನೋಡಲಿ. ನಾನು ಚಹ ಕುಡಿಯಲಿಲ್ಲ. ಏನೂ ಮಾತಾಡಲೂ ಇಲ್ಲ. ಆ ಮೌನಕ್ಕೆ ಇವತ್ತಿಗೂ ನನಗೆ ನಾಚಿಕೆಯಿದೆ.

ಗಾಡಿ ಚಾಲೂ ಮಾಡಿದೆ. ಒಂದೆರಡು ನಿಮಿಷ ಸುಮ್ಮನಿದ್ದು ರೇಸ್ ಕೊಟ್ಟರೆ ಹಿಂದೆ ನೀಲಿ ಹೊಗೆ. ಸೀಟಿ ಹೊಡೆಯುವ ಸದ್ದು, ಅದರ ಕೆಳಗೆ ಸಣ್ಣಗೆ ಲೋಹ ಉಜ್ಜುವ ಸದ್ದು. ಉಸ್ತಾದರು ಕಲಿಸಿದ ಕಿವಿ ಹೇಳಿತು, ಟರ್ಬೊದ ಬೇರಿಂಗ್ ಹೋಗಿದೆ.

"ಹ್ಯಾಂಗ ಓಡಸ್ತೀರಿ ಸಣ್ಣ ಸಾವ್ಕಾರ್ರೇ?" ಕೇಳಿದೆ.

"ಬೀದರದಿಂದ ಇಲ್ಲಿ ತನಕ ಒಂದೇ ದಮ್ಮಿಗೆ ಹೊಡೀತೀನಿ. ಬಂದಾಕ್ಷಣ ಚಾವಿ ತಿರುವೋದು."

"ಎಣ್ಣಿ?"

"ಹಾಕೇನಲ್ಲ, ಟ್ರ್ಯಾಕ್ಟರಿಗಿ ತಂದಿದ್ದು ಉಳಿದಿತ್ತು."

ಅಲ್ಲಿಗೆ ಅರ್ಥವಾಯಿತು. ಗಾಡಿಯ ತಪ್ಪಲ್ಲ, ಆಳಿಸಿಕೊಂಡ ಕೈಯ ತಪ್ಪು. ಟರ್ಬೊದ ಕಡ್ಡಿ ನಿಂತಿರುವುದು ಎಣ್ಣೆಯ ಒಂದು ತೆಳು ಪದರದ ಮೇಲೆ. ಜೋರಾಗಿ ಓಡಿಸಿದಾಗ ಹೊಗೆಯ ಕಡೆಯ ಚಕ್ರ ಎಂಟು ನೂರು, ಒಂಬತ್ತು ನೂರು ಡಿಗ್ರಿ ಶಾಖದಲ್ಲಿ ಕೆಂಡವಾಗಿರುತ್ತದೆ. ಆಗ ಥಟ್ಟನೆ ಚಾವಿ ತಿರುವಿದರೆ ಎಣ್ಣೆಯ ಹರಿವು ನಿಲ್ಲುತ್ತದೆ, ಒಳಗೆ ಉಳಿದ ಎಣ್ಣೆ ಸುಟ್ಟು ಇದ್ದಲಿಯಾಗುತ್ತದೆ. ದುಡಿದು ಬಂದ ಎತ್ತಿಗೆ ಕೊರಳಿನ ನೊಗ ಇಳಿಸಿ ಉಸಿರು ಬಿಡಲು ಹೊತ್ತು ಕೊಡುವುದಿಲ್ಲವೇ? ಹಾಗೆ ಇದಕ್ಕೂ ಒಂದೆರಡು ನಿಮಿಷ ಕೊಡಬೇಕು. ಆ ಮನೆಯವರಿಗೆ ದುಡಿಸಿ ಗೊತ್ತು, ಉಸಿರು ಕೊಟ್ಟು ಗೊತ್ತಿಲ್ಲ.

ಗಾಡಿಯನ್ನು ಶೆಡ್ಡಿಗೆ ತಂದು ಬಿಚ್ಚಿದೆ. ಗಾಳಿಯ ಪೈಪು ತೆಗೆದು ಚಕ್ರದ ಮೂತಿ ಹಿಡಿದು ಅಲ್ಲಾಡಿಸಿದೆ. ಅಡ್ಡಕ್ಕೆ ಕೂದಲೆಳೆಯಷ್ಟು ಅಲುಗಿದರೆ ತಪ್ಪಲ್ಲ. ಮುಂದೆ ಹಿಂದೆ ಅಲುಗಬಾರದು. ಇದು ಎರಡೂ ಕಡೆ ಕುಣಿಯುತ್ತಿತ್ತು. ಚಕ್ರದ ರೆಕ್ಕೆಗಳು ಮನೆಗೆ ಉಜ್ಜಿ ಅಂಚು ಹೊಳೆಯುತ್ತಿತ್ತು. ಟರ್ಬೊ ಒಂದನ್ನೇ ಬದಲಿಸಿ ಕೊಡುವ ಮೆಕ್ಯಾನಿಕ್ ಅರ್ಧ ಮೆಕ್ಯಾನಿಕ್. ಯಾಕೆ ಸತ್ತಿತು ಅಂತ ಕೇಳದೆ ಹೊಸದು ಹಾಕಿದರೆ ಅದೂ ತಿಂಗಳಲ್ಲಿ ಸಾಯುತ್ತದೆ. ಕೆಳಗಿನ ಎಣ್ಣೆ ಚೇಂಬರ್ ಇಳಿಸಿದೆ. ಒಳಗೆ ಎಣ್ಣೆಯಿರಲಿಲ್ಲ, ಡಾಂಬರಿನಂಥ ಕರೀ ಕೆಸರು ಇತ್ತು. ಎಣ್ಣೆ ಎಳೆಯುವ ಜಾಳಿಗೆ ಅರ್ಧಕ್ಕಿಂತ ಹೆಚ್ಚು ಮುಚ್ಚಿತ್ತು. ಟರ್ಬೊಗೆ ಎಣ್ಣೆ ಒಯ್ಯುವ ಸಣ್ಣ ಪೈಪಿನೊಳಗೆ ತಂತಿ ತೂರಿಸಿದರೆ ಇದ್ದಲಿ ಪುಡಿ ಉದುರಿತು. ಪಾಪ, ಅದು ಹಸಿದು ಸತ್ತಿತ್ತು.

ಆರು ದಿನದ ಕೆಲಸ. ಬೆಂಕಿಯಲ್ಲಿ ಬೆಂದ ಬೋಲ್ಟುಗಳಲ್ಲಿ ಎರಡು ಒಳಗೇ ಮುರಿದವು. ಮುರಿದ ತುದಿಗೆ ನಟ್ಟು ವೆಲ್ಡ್ ಮಾಡಿ, ಅದು ಕಾದಿರುವಾಗಲೇ ಪಾನಾ ಹಾಕಿ ನಿಧಾನಕ್ಕೆ ತಿರುವಿ ತೆಗೆದೆ. ಹೈದರಾಬಾದಿಗೆ ಹೋಗಿ ಟರ್ಬೊದ ನಡುವಿನ ಹೊಸ ಕಾರ್ಟ್ರಿಡ್ಜ್, ಹೊಸ ಎಣ್ಣೆ ಪೈಪು, ಗ್ಯಾಸ್ಕೆಟ್ಟುಗಳನ್ನು ತಂದೆ. ಗಾಳಿ ತಣಿಸುವ ಇಂಟರ್‌ಕೂಲರ್ ಬಿಚ್ಚಿ ಅದರೊಳಗೆ ತುಂಬಿದ್ದ ಎಣ್ಣೆ ತೊಳೆದು ಒಣಗಿಸಿದೆ. ಹಾಗೆ ಬಿಟ್ಟಿದ್ದರೆ ಆ ಎಣ್ಣೆಯನ್ನೇ ಇಂಜಿನ್ ಎಳೆದುಕೊಂಡು ಮತ್ತೆ ಹೊಗೆ ಉಗುಳುತ್ತದೆ. ಸಣ್ಣ ರಬ್ಬರ್ ಕೊಳವೆಗಳಿಗೆ ವಯಸ್ಸಾಗಿ ಸೀಳು ಬಿದ್ದಿದ್ದವು, ಒಂದೊಂದನ್ನೂ ಬೆರಳಿನಿಂದ ಮಡಚಿ ನೋಡಿ ಬದಲಿಸಿದೆ. ಚೇಂಬರ್, ಜಾಳಿಗೆ ಎಲ್ಲ ತೊಳೆದು 5ಡಬ್ಲ್ಯೂ-40 ಪೂರ್ತಿ ಸಿಂಥೆಟಿಕ್ ಎಣ್ಣೆ ತುಂಬಿದೆ. ಕೊನೆಗೆ ಮುಖ್ಯ ಕೆಲಸ. ಹೊಸ ಟರ್ಬೊದ ಬಾಯಿಗೆ ಎಣ್ಣೆ ಹೊಯ್ದು ಕೈಯಿಂದ ಚಕ್ರ ತಿರುವಿ, ಇಂಜಿನ್ ಚಾಲೂ ಆಗದಂತೆ ಕಾಯಿಲ್ ತಂತಿ ಕಳಚಿ, ಎಣ್ಣೆ ದೀಪ ಆರುವ ತನಕ ಸೆಲ್ಫ್ ಹೊಡೆಯಬೇಕು. ಒಣ ಬೇರಿಂಗಿನ ಮೇಲೆ ಒಂದು ಕ್ಷಣ ತಿರುಗಿದರೂ ಹೊಸದು ಹಾಳು. ಹುಟ್ಟಿದ ಕೂಸಿಗೆ ಮೊದಲ ಹಾಲು ಕುಡಿಸಿದಂತೆ ಅದು.

ಏಳನೇ ದಿನ ಮುಂಜಾನೆ ಗಾಡಿ ಹಾಡಿತು. ಹೊಗೆಯಿಲ್ಲ, ಉಜ್ಜುವ ಸದ್ದಿಲ್ಲ.

ಟ್ರಯಲ್ ನೋಡಲು ಹೊರಟಾಗ ಅಪ್ಪನನ್ನು ಕರೆದೆ. "ಬಾ ಅಪ್ಪಾ, ಕೂಡು." ಅಪ್ಪ ಬಾಗಿಲ ಹತ್ತಿರ ಬಂದು ನಿಂತ. ಕೆರ ಕಳಚಿದ. ಕಳಚಿದ ಕೆರವನ್ನು ಕೈಯಲ್ಲಿ ಹಿಡಿದುಕೊಂಡು ಒಳಗೆ ಕೂತ. ಸೀಟಿಗೆ ಬೆನ್ನು ಹಚ್ಚಲಿಲ್ಲ, ತುದಿಗೆ ಕೂತ.

"ಕೆರ ಹಾಕ್ಕೊ ಅಪ್ಪಾ. ಇದು ಗಾಡಿ, ಗುಡಿ ಅಲ್ಲ."

"ಇರ್ಲಿ ಬಿಡೋ. ಅವರ ಗಾಡಿ."

ಗಾಡಿ ಆ ಊರಿನ ರಸ್ತೆಗೆ ಹೊರಳಿತು. ವಾಡೆ ಕಂಡ ಕೂಡಲೆ ಅಪ್ಪ ತಲೆ ತಗ್ಗಿಸಿದ. ನಾನು ಗೇರ್ ಇಳಿಸಿ ಕಾಲು ಒತ್ತಿದೆ. ಟರ್ಬೊ ಉಸಿರು ತುಂಬಿಕೊಂಡು ಗಾಡಿಯನ್ನು ಮುಂದಕ್ಕೆ ಎಸೆಯಿತು. ಅಪ್ಪನ ಬೆನ್ನು ತಾನಾಗಿಯೇ ಸೀಟಿಗೆ ಒರಗಿತು! ನಾನು ಒಂದು ಮಾತೂ ಹೇಳಲಿಲ್ಲ. ಕೈಯಲ್ಲಿ ಕೆರ ಹಾಗೇ ಇತ್ತು.

ಸಂಜೆ ಸಣ್ಣ ಸಾವ್ಕಾರ ಇಬ್ಬರು ಗೆಳೆಯರ ಜೊತೆ ಬಂದ. ನಾನು ರಶೀದಿ ಬರೆದಿಟ್ಟಿದ್ದೆ. ಕಾರ್ಟ್ರಿಡ್ಜ್ 16,500. ಪೈಪು, ಗ್ಯಾಸ್ಕೆಟ್ 4,200. ಎಣ್ಣೆ, ಫಿಲ್ಟರ್ 3,800. ವೆಲ್ಡಿಂಗ್, ಖರಾದಿ 900. ಕೊನೆಯ ಸಾಲು: ಕೂಲಿ 8,000. ಒಟ್ಟು 33,400. ಮುಂಗಡ ಕೊಟ್ಟದ್ದು 20,000. ಬಾಕಿ 13,400.

ಅವನು ಓದಿದ. ಕಿಸೆಯಿಂದ ರೊಕ್ಕ ತೆಗೆದು ಎಣಿಸಿ 5,400 ಬೆಂಚಿನ ಮೇಲೆ ಇಟ್ಟ.

"ಸಾಮಾನಿನ ರೊಕ್ಕ ಪೂರಾ ಆಯ್ತು ನೋಡು."

"ಕೂಲಿ ರೀ?"

"ಕೂಲಿ ಎಂಥಾದ್ದೋ? ನಿಮ್ಮಪ್ಪ ನಮ್ಮನಿ ಉಪ್ಪು ತಿಂದಾನ. ನೀ ಅದೇ ಉಪ್ಪಿನಾಗ ಬೆಳದಿ. ಸುಗ್ಗಿಗೆ ಬಾ, ಎರಡು ಚೀಲ ತೊಗರಿ ಕೊಡಸ್ತೀನಿ."

ಗೆಳೆಯರೇ, ಇದನ್ನು ಗಮನಿಸಿ. ಕಬ್ಬಿಣಕ್ಕೆ ಬೆಲೆ ಕೊಟ್ಟ. ರಬ್ಬರಿಗೆ ಕೊಟ್ಟ. ಎಣ್ಣೆಗೆ ಕೊಟ್ಟ. ಅಂಗಡಿಯವನು ಹೇಳಿದ ಬೆಲೆಯನ್ನು ಚೌಕಾಶಿಯಿಲ್ಲದೆ ಕೊಟ್ಟ. ಆ ಎಲ್ಲವನ್ನೂ ಜೋಡಿಸಿದ ಕೈಗೆ ಮಾತ್ರ ಬೆಲೆಯಿಲ್ಲ. ಅದು ಅವನ ಲೆಕ್ಕದಲ್ಲಿ ಹುಟ್ಟಾ ಬಿಟ್ಟಿ. ಎದುರಿಗೆ ನನ್ನ ಅಜ್ಜ ಕಣದ ಅಂಚಿಗೆ ನಿಂತಂತೆ ಕಂಡಿತು. ಮೊರದಲ್ಲಿ ಜೋಳದ ಬದಲು ತೊಗರಿ, ಅಷ್ಟೇ.

"ಸಾವ್ಕಾರ್ರೇ, ತೊಗರಿ ಬ್ಯಾಡ. ಕೂಲಿ ಕೊಡ್ರಿ, ಚಾವಿ ಒಯ್ರಿ" ಅಂದೆ. ಧ್ವನಿ ನಡುಗುತ್ತಿತ್ತು, ಸುಳ್ಳು ಹೇಳುವುದಿಲ್ಲ. ಅವನು ಬೈದ. ಜಾತಿ ಹಿಡಿದು ಬೈಯಲು ಬಾಯಿ ತೆರೆದವನು ಗೋಡೆಯ ಫೋಟೊ ನೋಡಿ, 1989ರ ಕಾಯ್ದೆ ನೆನಪಾಯಿತೇನೋ, ಅರ್ಧಕ್ಕೆ ನುಂಗಿದ. "ನಿನ್ನ ಗ್ಯಾರೇಜ್ ಹ್ಯಾಂಗ ನಡೀತದ ನೋಡ್ತೀನಿ" ಅಂತ ಹೋದ.

ಆ ರಾತ್ರಿ ನನ್ನ ಜಗಳ ಅವರ ಜೊತೆಗಲ್ಲ, ಅಪ್ಪನ ಜೊತೆಗೆ ನಡೆಯಿತು. "ಕೊಟ್ಟುಬಿಡೋ. ಎಂಟು ಸಾವಿರಕ್ಕ ಊರ ಬ್ಯಾನಿ ಯಾಕ ತಗೋತಿ? ನಾಳಿ ಶೆಡ್ಡಿಗಿ ಬೆಂಕಿ ಹಚ್ಚಿದ್ರ?" ಅಂದ. "ನೀ ಅಂಜಿ ಅಂಜಿನೇ ಹದಿನೇಳು ವರ್ಷ ಹೋಯ್ತು" ಅಂದುಬಿಟ್ಟೆ. ಅಪ್ಪ ಮಾತಾಡಲಿಲ್ಲ, ಊಟವನ್ನೂ ಮಾಡಲಿಲ್ಲ. ಅವನ ಅಂಜಿಕೆಯಿಂದಲೇ ನಾವು ಬದುಕಿ ಉಳಿದೆವು. ಅವನು ಅಂಜದೆ ಇದ್ದಿದ್ದರೆ ನಾನು ಪಾನಾ ಹಿಡಿಯಲು ಇರುತ್ತಿರಲಿಲ್ಲವೇನೋ. ಈ ಮಾತು ತಿಳಿಯುವ ಹೊತ್ತಿಗೆ ನಾನು ಅಂದದ್ದು ಅಂದಾಗಿತ್ತು.

ಮರುದಿನ ಬೀದರಿಗೆ ಹೋಗಿ ಪರಿಚಯದ ವಕೀಲರನ್ನು ಕಂಡೆ. ಅವರು ಹೇಳಿದ್ದನ್ನು ಎಲ್ಲ ಕಸುಬುದಾರರೂ ತಿಳಿಯಬೇಕು. 1872ರ ಭಾರತೀಯ ಕರಾರು ಕಾಯ್ದೆಯ 170ನೆಯ ಕಲಮು. ಒಬ್ಬರ ವಸ್ತುವನ್ನು ತೆಗೆದುಕೊಂಡು ಅದರ ಮೇಲೆ ಶ್ರಮವನ್ನೋ ಕುಶಲತೆಯನ್ನೋ ಹಾಕಿ ಕೆಲಸ ಮುಗಿಸಿದವನು, ಬೇರೆ ಕರಾರು ಇಲ್ಲದಿದ್ದರೆ, ತನ್ನ ಕೂಲಿ ಬರುವ ತನಕ ಆ ವಸ್ತುವನ್ನು ತನ್ನ ಬಳಿ ಇಟ್ಟುಕೊಳ್ಳಬಹುದು. ಕಾಯ್ದೆಯಲ್ಲೇ ಉದಾಹರಣೆ ಕೊಟ್ಟಿದ್ದಾರೆ: ವಜ್ರಕ್ಕೆ ಹೊಳಪು ಕೊಟ್ಟ ಅಕ್ಕಸಾಲಿಗ, ಬಟ್ಟೆಯಿಂದ ಕೋಟು ಹೊಲಿಯುವ ದರ್ಜಿ. ಆದರೆ ಅದೇ ವಸ್ತುವಿನ ಮೇಲೆ ಮಾಡಿದ ಕೆಲಸದ ಕೂಲಿಗೆ ಮಾತ್ರ, ಹಳೆ ಸಾಲಕ್ಕಲ್ಲ. ಇಟ್ಟುಕೊಳ್ಳಬಹುದು, ಮಾರುವಂತಿಲ್ಲ, ಓಡಿಸುವಂತಿಲ್ಲ. ಒಮ್ಮೆ ಕೈಬಿಟ್ಟು ಕೊಟ್ಟರೆ ಆ ಹಕ್ಕೂ ಹೋಯಿತು. ನಮ್ಮಜ್ಜ ತಿದಿ ಹೊಲಿಯುವ ಕಾಲಕ್ಕೂ ಈ ಕಾಯ್ದೆ ಪುಸ್ತಕದಲ್ಲಿತ್ತು. ಪುಸ್ತಕ ನಮ್ಮ ಕೇರಿಗೆ ಬರಲು ಒಂದೂವರೆ ಶತಮಾನ ಹಿಡಿಯಿತು.

ಗಾಡಿಗೆ ತಾಡಪತ್ರಿ ಹೊದಿಸಿ ಶೆಡ್ಡಿನೊಳಗೆ ನಿಲ್ಲಿಸಿದೆ. ರಾತ್ರಿ ಅದರ ಪಕ್ಕದಲ್ಲೇ ಮಲಗಿದೆ. ಆ ದಿನಗಳಲ್ಲಿ ಗಿರಾಕಿ ಕಡಿಮೆಯಾದರು. ಬಂದು ಹೇಳಿ ಹೋದವರು ಬಹಳ: "ದೊಡ್ಡವರ ಗೊಡವಿ ಬ್ಯಾಡ." ನಮ್ಮ ಕೇರಿಯವರೇ ಕೆಲವರು, "ಎರಡು ಚೀಲ ತೊಗರಿ ಅಂದ್ರ ಲಾಭನೇ ಅದಲ್ಲೋ" ಅಂದರು. ಮೂರನೇ ರಾತ್ರಿಯಿಂದ ಕತ್ತಲಲ್ಲಿ ಇನ್ನೊಂದು ಹಾಸಿಗೆ ಬಂತು. ಅಪ್ಪ. ಕೋಲು ಪಕ್ಕಕ್ಕೆ ಇಟ್ಟುಕೊಂಡು ಮಲಗಿದ. ಯಾಕೆ ಬಂದೆ ಅಂತ ನಾನು ಕೇಳಲಿಲ್ಲ, ಅವನು ಹೇಳಲಿಲ್ಲ.

ಹನ್ನೊಂದನೇ ದಿನ ವಾಡೆಯ ಡ್ರೈವರ್ ಬಂದ. ಕೈಯಲ್ಲಿ ಎಂಟು ಸಾವಿರ. ನನ್ನ ಕೈ ತಾಗದಂತೆ ಮೇಲಿನಿಂದ ಬಿಡಲು ಬಂದ. ಅವನೂ ಬಡವನೇ, ಕಲಿಸಿದ್ದನ್ನು ಮಾಡುತ್ತಿದ್ದ. "ಅಣ್ಣಾ, ಬೆಂಚಿನ ಮ್ಯಾಲ ಇಡು. ಎಣಿಸಿ ರಶೀದಿ ಕೊಡ್ತೀನಿ" ಅಂದೆ. ಎಣಿಸಿದೆ. ರಶೀದಿ ಪುಸ್ತಕದಲ್ಲಿ ಕಾರ್ಬನ್ ಹಾಕಿ ಬರೆದೆ. ಚಾವಿ ಕೊಡುವಾಗ ಹೇಳಿದೆ: "ಸಣ್ಣ ಸಾವ್ಕಾರ್ರಿಗೆ ಹೇಳು. ಓಡಿಸಿ ಬಂದ ಮ್ಯಾಲ ಎರಡು ನಿಮಿಷ ಚಾಲೂ ಬಿಡಬೇಕು, ಆಮ್ಯಾಲ ಬಂದ್ ಮಾಡಬೇಕು. ಎಣ್ಣಿ ಹೊತ್ತಿಗಿ ಸರಿಯಾಗಿ ಬದಲಿ ಮಾಡಬೇಕು, ಟ್ರ್ಯಾಕ್ಟರಿಂದು ಹಾಕಬಾರ್ದು." ಜಗಳ ಮನುಷ್ಯರ ಜೊತೆ. ಇಂಜಿನ್ ಜೊತೆ ನನಗೆ ಜಗಳವಿರಲಿಲ್ಲ.

ಗಾಡಿ ಹೋದ ಮೇಲೆ ಅಪ್ಪ ಬೆಂಚಿನ ಹತ್ತಿರ ಬಂದ. "ಆ ಚೀಟಿ ಓದು" ಅಂದ. ಕಾರ್ಬನ್ ಪ್ರತಿ ಓದಿದೆ. ಸಾಮಾನು, ಎಣ್ಣೆ, ವೆಲ್ಡಿಂಗ್. "ಕಡೀದು?" ಅಂದ. "ಕೂಲಿ, ಎಂಟು ಸಾವಿರ. ಮುಟ್ಟಿದೆ." ಅಪ್ಪ ಆ ಸಾಲಿನ ಮೇಲೆ ಹೆಬ್ಬೆಟ್ಟು ಆಡಿಸಿದ. ಅದೇ ಹೆಬ್ಬೆಟ್ಟು, 1977ರಲ್ಲಿ ಒತ್ತಿದ್ದು. "ಅವರ ಮನಿಯಿಂದ ಹಿಂಗ ಬರೆದ ಚೀಟಿ ನಾ ಎಂದೂ ಕಂಡಿಲ್ಲ" ಅಂದ. ಅಷ್ಟೇ.

ಇದನ್ನು ಗೆಲುವಿನ ಕತೆ ಅಂತ ಓದಬೇಡಿ. ಆ ವಾಡೆಯ ಟ್ರ್ಯಾಕ್ಟರು ಇವತ್ತಿಗೂ ನನ್ನ ಶೆಡ್ಡಿಗೆ ಬರುವುದಿಲ್ಲ. ಕಾಗದದ ಕಪ್ಪು ಈಗಲೂ ಇದೆ. ಇನ್ನು ನನ್ನೊಳಗೂ ಒಂದು ವಾಡೆ ಇದೆ ಅಂತ ತಿಳಿದದ್ದು ಆಮೇಲೆ. ನನ್ನ ಮಗಳು, ಆಗ ಒಂಬತ್ತು ವರ್ಷ, ಟರ್ಬೊದ ಹಳೆ ಚಕ್ರ ಕೈಯಲ್ಲಿ ಹಿಡಿದು, "ಅಪ್ಪಾ, ನನಗೂ ಕಲಸು" ಅಂದಾಗ, "ಹೆಣ್ಣುಮಗಳಿಗೆ ಗ್ರೀಸು ಯಾಕವ್ವಾ?" ಅಂದಿದ್ದೆ. ಅವಳು ಸುಮ್ಮನೆ ಚಕ್ರ ಕೆಳಗಿಟ್ಟು ಹೋದಳು. ಅಜ್ಜನನ್ನು ಕುಲುಮೆಯ ಹೊರಗೆ ಕೂರಿಸಿದವರು ಹೇಳಿದ್ದಕ್ಕೂ ನಾನು ಹೇಳಿದ್ದಕ್ಕೂ ಏನು ಫರಕು? ಮರುದಿನ ಕರೆದು ಪಾನಾ ಕೊಟ್ಟೆ. ಈಗ ನನಗಿಂತ ಚೆನ್ನಾಗಿ ಕಿವಿಯಿಂದ ನೋಡುತ್ತಾಳೆ.

ಆ ಹಳೆ ಚಕ್ರ ನನ್ನ ಬೆಂಚಿನ ಮೇಲೆ, ರಶೀದಿ ಪುಸ್ತಕ ಹಾರದಂತೆ ಅದರ ಮೇಲೆ ಭಾರಕ್ಕೆ ಇದೆ. ಓದುವ ಗೆಳೆಯರೇ, ನೀವು ಶಾಲೆಯಲ್ಲಿ ಲೆಕ್ಕ ಕಲಿಸುವವರಿದ್ದರೆ ನಮ್ಮ ಮಕ್ಕಳಿಗೆ ರಶೀದಿ ಬರೆಯುವುದನ್ನೂ ಕಲಿಸಿ. ಸಾಮಾನಿನ ಸಾಲುಗಳನ್ನು ಯಾರಾದರೂ ಬರೆಯುತ್ತಾರೆ. ಕೊನೆಗೆ ಕೂಲಿ ಅಂತ ಒಂದು ಸಾಲು ಬರೆಯಬೇಕು, ಅದನ್ನು ಜೋರಾಗಿ ಓದಿ ಹೇಳಬೇಕು.